ಎರಡು ಕೋಟಿಯ ಕಾರು ಎಂಬತ್ತು ಲಕ್ಷಕ್ಕೆ ಬಂದಾಗ

‘ಇನ್ನೂ ಸ್ವಲ್ಪ ಇಳಿಯಲಿ, ಆಮೇಲೆ ತೆಗೆದುಕೊಳ್ಳುತ್ತೇನೆ.’ ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಸ್ಪೋರ್ಟ್ಸ್ ಕಾರಿನ ಆಸೆ ಹೊತ್ತು ಸಲಹೆ ಕೇಳುವವರಲ್ಲಿ ಹೆಚ್ಚಿನವರ ಮಾತು ಇದು. ನಮ್ಮ ಕಾಸರಗೋಡಿನ ಉಪ್ಪಳದವರಿರಲಿ, ಬದಿಯಡ್ಕದ ಅಡಿಕೆ ತೋಟದವರಿರಲಿ, ರಜೆಗೆ ದುಬೈಯಿಂದ ಬಂದವರಿರಲಿ, ಎಲ್ಲರ ಕಣ್ಣೂ ಬೆಲೆಯ ಮೇಲೆಯೇ. ಬೆಲೆ ಇಳಿಯುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಇಳಿಯುವುದು ಅದೊಂದೇ. ಬ್ಯಾಟರಿ, ಬ್ರೇಕು, ಬಾಡಿಯ ಭಾಗಗಳು, ಹೊರರಾಜ್ಯದ ಕಾರಾದರೆ ಕೇರಳದ ತೆರಿಗೆ, ಇವೆಲ್ಲ ಆ ಕಾರು ಶೋರೂಮಿನಿಂದ ಹೊರಬಿದ್ದ ದಿನದ ಬೆಲೆಗೆ ಕಟ್ಟು ಬಿದ್ದಿವೆ. ಎಂಬತ್ತು ಲಕ್ಷ ಕೊಟ್ಟು ತಂದರೂ ರಿಪೇರಿಯ ಬಿಲ್ಲು ಎರಡು ಕೋಟಿಯ ಕಾರಿನದ್ದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಅರ್ಥವಾಗದೆ ಉಳಿಯುವ ಸಂಗತಿ ಇದೊಂದೇ ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಉದಾಹರಣೆಗೆ ಬಿಎಂಡಬ್ಲ್ಯು ಐ8 ಅನ್ನು ಹಿಡಿಯೋಣ, ವಿಚಾರಿಸುವವರು ಹೆಚ್ಚು ಕೇಳುವುದು ಅದನ್ನೇ. 2015ರಲ್ಲಿ ಭಾರತಕ್ಕೆ ಬಂದಾಗ ಅದರ ಎಕ್ಸ್ ಶೋರೂಂ ಬೆಲೆ 2.29 ಕೋಟಿ ರೂಪಾಯಿ. ಹಿಂದಿನ ಚಕ್ರಗಳಿಗೆ 1.5 ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್, ಮುಂದಿನ ಚಕ್ರಗಳಿಗೆ ವಿದ್ಯುತ್ ಮೋಟಾರು. ಮೊದಲ ಕಾರುಗಳಲ್ಲಿದ್ದ ಬ್ಯಾಟರಿ 7.1 ಯೂನಿಟಿನದ್ದು, ಅದರಲ್ಲಿ ಬಳಕೆಗೆ ಸಿಗುವುದು 5.2 ಯೂನಿಟ್. 2018ರ ಪರಿಷ್ಕರಣೆಯಲ್ಲಿ ಅದು 11.6 ಯೂನಿಟಿಗೆ ಏರಿತು. 2020ರಲ್ಲಿ ತಯಾರಿಕೆಯೇ ನಿಂತಿತು.

ವಿಮೆಯ ಲೆಕ್ಕದಲ್ಲಿ ಸವಕಳಿಗೆ ಗೊತ್ತಾದ ಮೆಟ್ಟಿಲುಗಳಿವೆ. ಆರು ತಿಂಗಳೊಳಗೆ ಶೇಕಡಾ 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಐದು ವರ್ಷ ದಾಟಿದ ಮೇಲೆ ಐಡಿವಿ, ಅಂದರೆ ವಿಮೆಗೆ ಹಿಡಿಯುವ ಕಾರಿನ ಬೆಲೆ, ಎಷ್ಟೆಂಬುದು ಕಂಪನಿಯೂ ಮಾಲೀಕರೂ ಕೂತು ಒಪ್ಪಿಕೊಳ್ಳುವ ಮಾತು. ಈ ಪಟ್ಟಿಯನ್ನು ಮಾರುಕಟ್ಟೆ ಬೆಲೆ ಎಂದು ತಿಳಿಯಬೇಡಿ. ಕೊಳ್ಳುವವರೇ ವಿರಳವಾದ ಇಂಥ ಕಾರುಗಳು ಮೊದಲ ಮೂರು ವರ್ಷದಲ್ಲಿ ಪಟ್ಟಿಗಿಂತ ಜೋರಾಗಿ ಜಾರುತ್ತವೆ, ಆಮೇಲೆ ಜಾರುವ ವೇಗ ತಗ್ಗುತ್ತದೆ. ಆದ್ದರಿಂದ ನಾಲ್ಕು ವರ್ಷದ ಒಳಗಿನ ಕಾರು ಕೊಳ್ಳುವುದೆಂದರೆ ಮೊದಲ ಮಾಲೀಕ ಹೊರಬೇಕಾದ ನಷ್ಟದಲ್ಲಿ ನೀವೂ ಪಾಲು ಹೊತ್ತಂತೆ. ಅಲ್ಲಿಯ ತನಕ ಕಾಯುವುದು ಸರಿ. ತಪ್ಪಾಗುವುದು ಅಲ್ಲಿಂದ ಮುಂದೆಯೂ ಕಾಯುತ್ತಾ ಕೂತಾಗ.

ಹೈಬ್ರಿಡ್ ಬ್ಯಾಟರಿಗೆ ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ, ಜೊತೆಗೆ ಕಿಲೋಮೀಟರಿನ ಒಂದು ಮಿತಿ, ಯಾವುದು ಮೊದಲು ಮುಗಿಯುತ್ತದೋ ಅದು. ಟೊಯೊಟಾ ಸಹ 2021ರಲ್ಲಿ ಭಾರತದ ತನ್ನ ಹೈಬ್ರಿಡ್ ಕಾರುಗಳಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ಎಂದು ಏರಿಸಿತು. ನೀವು ನೋಡುತ್ತಿರುವ ಕಾರಿನ ವಾರಂಟಿ ಎಷ್ಟೆಂಬುದನ್ನು ಅದರದ್ದೇ ಪುಸ್ತಕದಲ್ಲಿ ಓದಿ, ಮಾರುವವರ ಬಾಯಿಮಾತು ಸಾಲದು. ದಿನ ಎಣಿಸುವುದು ಮೊದಲ ಮಾಲೀಕರಿಗೆ ಕೀಲಿ ಕೊಟ್ಟ ದಿನದಿಂದ, ನಿಮ್ಮ ಹೆಸರಿಗೆ ಬಂದ ದಿನದಿಂದಲ್ಲ. ಕಂಪನಿಯ ಸರ್ವಿಸ್ ನಡುವೆ ಎಲ್ಲಾದರೂ ತಪ್ಪಿದ್ದರೆ ವಾರಂಟಿ ಉಳಿದಿದೆಯೇ, ಬ್ಯಾಟರಿ ಪೂರ್ತಿ ಕೆಟ್ಟರೆ ಮಾತ್ರವೇ ಅಥವಾ ಶಕ್ತಿ ಕುಗ್ಗಿದರೂ ಅನ್ವಯವೇ, ಈ ಎರಡನ್ನೂ ಚಾಸಿಸ್ ನಂಬರ್ ಕೊಟ್ಟು ಲಿಖಿತವಾಗಿ ಕೇಳಿ.

ಈಗ ಎರಡು ಕಾರುಗಳನ್ನು ಅಕ್ಕಪಕ್ಕ ಇಡಿ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ಒಂದಕ್ಕೆ ಐದೂವರೆ ವರ್ಷ, ಬೆಲೆ 95 ಲಕ್ಷ, ಬ್ಯಾಟರಿ ವಾರಂಟಿ ಎರಡೂವರೆ ವರ್ಷ ಬಾಕಿ. ಇನ್ನೊಂದಕ್ಕೆ ಎಂಟು ವರ್ಷ ಎರಡು ತಿಂಗಳು, ಬೆಲೆ 75 ಲಕ್ಷ. ‘ಇಪ್ಪತ್ತು ಲಕ್ಷ ಉಳಿಯಿತಲ್ಲ’ ಎಂದು ಎರಡನೆಯದಕ್ಕೆ ಅಡ್ವಾನ್ಸ್ ಕೊಟ್ಟು ಬರುವವರು ಇದ್ದಾರೆ. ಆ ಇಪ್ಪತ್ತು ಲಕ್ಷ ಸುಮ್ಮನೆ ಇಳಿದದ್ದಲ್ಲ, ಅದರಲ್ಲಿ ದೊಡ್ಡ ಪಾಲು ಬ್ಯಾಟರಿಯ ಅಪಾಯದ ಬೆಲೆ. ನಿನ್ನೆಯವರೆಗೆ ಕಂಪನಿಯ ತಲೆ ಮೇಲಿದ್ದ ಭಾರ ಇಂದು ನಿಮ್ಮ ಹೆಗಲಿಗೆ ಬಂತು. ಮಾರುವವರಿಗೆ ಇದು ಗೊತ್ತಿದೆ, ಅದಕ್ಕೇ ಅವರು ಆ ತಿಂಗಳಲ್ಲಿ ಮಾರಲು ಹೊರಟದ್ದು. ಬ್ಯಾಟರಿ ಬದಲಿಸಲು ಎಷ್ಟು ಎಂದು ಅದೇ ಚಾಸಿಸ್ ನಂಬರಿಗೆ ಕೊಟೇಶನ್ ತೆಗೆದುಕೊಂಡು, ಆ ಮೊತ್ತವನ್ನು 75ಕ್ಕೆ ಕೂಡಿಸಿ ನೋಡಿ. ಮೊತ್ತ 95ರ ಒಳಗಿದ್ದು, ಆ ಹಣ ಕೈಯಲ್ಲೇ ಇದ್ದರೆ ಹಳೆಯದನ್ನು ಧಾರಾಳವಾಗಿ ಕೊಳ್ಳಿ. ಸಾಲ ಮಾಡಿಯೇ ಬ್ಯಾಟರಿ ಹಾಕಿಸಬೇಕಾದರೆ ಬೇಡ.

ಹಾಗಾಗಿ ನನ್ನ ಎಣಿಕೆಯಲ್ಲಿ ಕೊಳ್ಳಲು ತಕ್ಕ ಹೊತ್ತು ಐದರಿಂದ ಆರನೇ ವರ್ಷ, ಕನಿಷ್ಠ ಎರಡು ವರ್ಷ ಬ್ಯಾಟರಿ ವಾರಂಟಿ ಉಳಿದಿರುವಾಗ. ಬಹಳ ಕಾಲ ಇಟ್ಟುಕೊಳ್ಳುವ ಯೋಚನೆ ಇಲ್ಲದಿದ್ದರೆ ಏಳೂವರೆ ತುಂಬುವ ಮೊದಲೇ ಕೈಬಿಡಬೇಕು. ಇದಾಗದಿದ್ದರೆ ಒಂಬತ್ತು-ಹತ್ತು ವರ್ಷ ದಾಟಿದ, ಬ್ಯಾಟರಿಯ ಖರ್ಚು ಬೆಲೆಯಲ್ಲಿ ಆಗಲೇ ಕಳೆದಿರುವ ಕಾರು. ನಡುವಿನ ಏಳೂವರೆಯಿಂದ ಎಂಟೂವರೆಯ ಕಾರಿಗೆ ಮಾರುವವರು ಹಳೆಯ ಬೆಲೆಯನ್ನೇ ಹೇಳುತ್ತಾರೆ, ಅಪಾಯ ಮಾತ್ರ ಹೊಸದು. ಐ8ಗಳಲ್ಲಿ ಹಲವು ಈಗ ಈ ವಯಸ್ಸಿನ ಆಸುಪಾಸಿನಲ್ಲಿ ಇರುವುದರಿಂದ ಅಥವಾ ಅದನ್ನು ದಾಟಿರುವುದರಿಂದ ಅದರ ವಿಷಯದಲ್ಲಿ ತಿಂಗಳ ಲೆಕ್ಕವೂ ಮುಖ್ಯ.

ಬ್ಯಾಟರಿ ಹೇಗಿದೆ ಎಂದು ಮನೆಯಲ್ಲೇ ನೋಡುವ ಒಂದು ದಾರಿ ಇದೆ. ಚಾರ್ಜಿಗೆ ಹಾಕುವ ಕಾರಾದರೆ, ವಿದ್ಯುತ್ತಿನಲ್ಲೇ ಓಡಿಸಿ ಬ್ಯಾಟರಿಯ ರೇಂಜ್ ಸೊನ್ನೆಗೆ ತನ್ನಿ. 16 ಆಂಪಿಯರ್ ಪ್ಲಗ್ಗಿಗೆ ಯೂನಿಟ್ ತೋರಿಸುವ ಸಣ್ಣ ಮೀಟರ್ ಸಿಕ್ಕಿಸಿ, ಅದರ ಮೂಲಕ ಪೂರ್ತಿ ಚಾರ್ಜ್ ಮಾಡಿ. ಚಾರ್ಜಾಗುವಾಗ ಶೇಕಡಾ 10ರಿಂದ 15 ಶಾಖವಾಗಿ ಹೋಗುತ್ತದೆ. 5.2 ಯೂನಿಟ್ ಬಳಕೆಗೆ ಸಿಗುವ ಮೊದಲ ಐ8 ಸರಿಯಾಗಿದ್ದರೆ ಮೀಟರು ಆರು ಯೂನಿಟಿನ ಹತ್ತಿರ ನಿಲ್ಲಬೇಕು. ನಾಲ್ಕೂವರೆಗೇ ನಿಂತರೆ ಒಳಗೆ ಸೇರಿದ್ದು 3.9ರಷ್ಟು, ಅಂದರೆ ಮುಕ್ಕಾಲು ಶಕ್ತಿ ಉಳಿದಿದೆ. ಇದು ಅಂದಾಜು. ಎಷ್ಟು ಬಳಸಲು ಬಿಡಬೇಕೆಂದು ಕಾರಿನ ಕಂಪ್ಯೂಟರು ತಾನೇ ನಿರ್ಧರಿಸುವುದರಿಂದ ಡಯಾಗ್ನೋಸ್ಟಿಕ್ ಉಪಕರಣ ಹಾಕಿ ಸೆಲ್ಲುಗಳ ವೋಲ್ಟೇಜನ್ನೂ ಓದಿಸಲೇಬೇಕು. ಆ ಬ್ಯಾಟರಿಯಲ್ಲಿರುವುದು ಆರು ಮಾಡ್ಯೂಲು, 96 ಸೆಲ್ಲು. ಸಾಲಿನಲ್ಲಿ ಒಂದು ಸೆಲ್ಲು ಸೊರಗಿದರೆ ಉಳಿದ 95 ಎಷ್ಟು ಗಟ್ಟಿಯಿದ್ದರೂ ಬ್ಯಾಟರಿ ಆ ಒಂದರ ಮಟ್ಟಕ್ಕೇ ಇಳಿಯುತ್ತದೆ. ಲೆಕ್ಸಸ್ ಎಲ್‌ಸಿ 500ಎಚ್‌ನಂಥ ಕಾರಿಗೆ ಹೊರಗಿನಿಂದ ಚಾರ್ಜ್ ಮಾಡುವ ವ್ಯವಸ್ಥೆಯೇ ಇಲ್ಲ. ಅಲ್ಲಿ ಉಪಕರಣ ಒಂದೇ ದಾರಿ.

ಚಾರ್ಜರಿನಲ್ಲಿ ಕೆಂಪು ದೀಪ ಬಂದರೆ ಕೂಡಲೇ ಕಾರನ್ನು ದೂರಬೇಡಿ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್-ಮೇ ಹೊತ್ತಿಗೆ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ, ಅರ್ತ್ ಸರಿಯಿಲ್ಲದ ಪ್ಲಗ್ಗಿನಲ್ಲಿ ಇಂಥ ಚಾರ್ಜರು ಕೆಲಸ ಮಾಡುವುದಿಲ್ಲ. ಎಲೆಕ್ಟ್ರೀಶಿಯನ್ನರನ್ನು ಕರೆಸಿ ಅರ್ತ್ ಗುಂಡಿಗೆ ನೀರು ಹೊಯ್ಯಿಸಿ, ಅಳೆಯಿಸಿ, ಮತ್ತೆ ನೋಡಿ.

ಕಡಿಮೆ ಓಡಿದ ಕಾರು ಒಳ್ಳೆಯದೆಂಬ ನಂಬಿಕೆಯೂ ಇಲ್ಲಿ ಪೂರ್ತಿ ಸರಿಯಲ್ಲ. ಮಾಲೀಕರು ಗಲ್ಫಿನಲ್ಲಿ, ಕಾರು ಹತ್ತು ತಿಂಗಳು ಮನೆಯ ಪೋರ್ಚಿನಲ್ಲಿ. ಲಿಥಿಯಂ ಬ್ಯಾಟರಿ ಓಡಿದರಷ್ಟೇ ಸವೆಯುವುದಲ್ಲ, ಕೂತಲ್ಲೇ ಮುಪ್ಪಾಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಿನ ಸೆಕೆಯಲ್ಲಿ ಇಟ್ಟರೆ ಇನ್ನೂ ಬೇಗ. ಕರಾವಳಿಯ ಉಪ್ಪುಗಾಳಿಗೆ ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ. ಹೈಬ್ರಿಡ್‌ನಲ್ಲಿ ವೇಗ ತಗ್ಗಿಸುವ ಕೆಲಸದಲ್ಲಿ ಬಹುಪಾಲನ್ನು ಮೋಟಾರೇ ಮಾಡುವುದರಿಂದ ಆ ತುಕ್ಕು ಉಜ್ಜಿ ಹೋಗುವುದೂ ಇಲ್ಲ. ಡಿಸ್ಕಿನ ಅಂಚಿಗೆ ಬೆರಳಿಟ್ಟು ನೋಡಿ, ದಪ್ಪ ಏಣು ಸಿಕ್ಕಿದರೆ ಡಿಸ್ಕಿನ ಖರ್ಚನ್ನೂ ಬರೆದಿಟ್ಟುಕೊಳ್ಳಿ. ಐ8ರಲ್ಲಿ ಪೆಟ್ರೋಲ್ ಟ್ಯಾಂಕಿನ ಬಟನ್ ಒತ್ತಿದರೆ ಒಳಗಿನ ಒತ್ತಡ ಇಳಿದು ಮುಚ್ಚಳ ತೆರೆದುಕೊಳ್ಳಬೇಕು. ತೆರೆಯದಿದ್ದರೆ ಸೆನ್ಸರ್ ಅಥವಾ ವಾಲ್ವಿನ ದೋಷವಿರಬಹುದು. ಐ8ರಲ್ಲಿ ಬ್ಯಾಟರಿಯನ್ನು ತಂಪಾಗಿಡುವುದು ಏಸಿಯ ಗ್ಯಾಸೇ ಆದ್ದರಿಂದ ಏಸಿ ತಣ್ಣಗಾಗದಿದ್ದರೆ ಅದನ್ನು ಸಣ್ಣ ದೋಷವೆಂದು ಬಿಡಬೇಡಿ. ಟಯರಿನ ಬದಿಯಲ್ಲಿರುವ ನಾಲ್ಕು ಅಂಕಿ ಓದಿ, 2319 ಎಂದಿದ್ದರೆ 2019ರ 23ನೇ ವಾರದ್ದು. ಮೇಲೆ ಹಲ್ಲು ಎಷ್ಟೇ ಉಳಿದಿರಲಿ, ಅದು ಬದಲಿಸುವ ಟಯರು.

ಇನ್ನು ನಮ್ಮ ಗಡಿಯ ವಿಷಯ. ಕಾಸರಗೋಡಿನಿಂದ ಮಂಗಳೂರು 50 ಕಿ.ಮೀ., ಹಾಗಾಗಿ ಕರ್ನಾಟಕ ನೋಂದಣಿಯ ಕಾರು ಕಣ್ಣಿಗೆ ಬೀಳುವುದು ಸಹಜ. ‘ಅಲ್ಲಿ ಹತ್ತು ಲಕ್ಷ ಕಡಿಮೆ’ ಎಂಬ ಮಾತು ಕೇಳಿ ಓಡಬೇಡಿ. ಹೊರರಾಜ್ಯದ ಕಾರನ್ನು ಇಲ್ಲಿಗೆ ಬದಲಾಯಿಸುವಾಗ ಕೇರಳದ ತೆರಿಗೆಗೆ ಆಧಾರ ಮೊದಲ ಇನ್‌ವಾಯ್ಸಿನ ಬೆಲೆ, ನೀವು ಕೊಟ್ಟ ಬೆಲೆಯಲ್ಲ. ಕಾರಿಗೆ ವಯಸ್ಸಾದಂತೆ ತೆರಿಗೆಯ ಪಾಲು ಕಡಿಮೆಯಾಗುತ್ತದೆ. ಲೆಕ್ಕ ಸುಲಭವಾಗಲೆಂದು ದರ ಶೇಕಡಾ 20, ವರ್ಷಕ್ಕೆ ಹದಿನೈದರಲ್ಲಿ ಒಂದು ಪಾಲು ಕಡಿತ ಎಂದು ಹಿಡಿಯೋಣ. ಎರಡು ಕೋಟಿಯ ಇನ್‌ವಾಯ್ಸಿಗೆ ಪೂರ್ತಿ ತೆರಿಗೆ 40 ಲಕ್ಷ. ನಾಲ್ಕು ವರ್ಷದ ಕಾರಾದರೆ ಹನ್ನೊಂದು ಪಾಲು, ಅಂದರೆ 29 ಲಕ್ಷದ ಮೇಲೆ. ಎಂಟು ವರ್ಷದ್ದಾದರೆ ಏಳು ಪಾಲು, ಸುಮಾರು 18.7 ಲಕ್ಷ. ಹತ್ತು ಲಕ್ಷ ಉಳಿಸಲು ಹೋಗಿ ಇಷ್ಟು ಕಟ್ಟುವುದಾದರೆ ಕೊಚ್ಚಿಯಲ್ಲೋ ಕೋಝಿಕ್ಕೋಡಿನಲ್ಲೋ ಇರುವ, ತೆರಿಗೆ ಕಟ್ಟಿ ಮುಗಿದ ಕೆಎಲ್ ನೋಂದಣಿಯ ಕಾರೇ ಅಗ್ಗ. ನಿಜವಾದ ದರ ಬೆಲೆಯ ಸ್ಲ್ಯಾಬಿನ ಮೇಲೆ ಹೋಗುತ್ತದೆ, ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿ.

‘ಭಾವನ ಮನೆ ಮಂಗಳೂರಲ್ಲೇ ಇದೆ, ಅಲ್ಲಿಯ ವಿಳಾಸದಲ್ಲಿ ಇರಲಿ’ ಎನ್ನುವವರಿಗೆ ಬೇಸರವಾದರೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟ ವಾಹನಕ್ಕೆ ಅಲ್ಲಿಯ ಹೊಸ ನಂಬರು ಬೇಕು. ಬಾಗಿಲು ಮೇಲಕ್ಕೆ ತೆರೆಯುವ ಕಾರು ಮಂಜೇಶ್ವರದ ಪೇಟೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇರಲಾರದು. ದಂಡ, ಬಾಕಿ ತೆರಿಗೆ, ಅಪಘಾತವಾದರೆ ವಿಮೆಯವರ ಪ್ರಶ್ನೆ, ಎಲ್ಲವೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರ ತಲೆಗೇ ಬರುತ್ತವೆ. ಸರಿಯಾಗಿ ತರುವುದಾದರೆ ಫಾರಂ 28ರಲ್ಲಿ ಅಲ್ಲಿಯ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕಾರಿನ ಮೇಲೆ ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರಂ 35, ಇಲ್ಲಿ ಹೊಸ ನಂಬರಿಗೆ ಫಾರಂ 27. ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗ ಹಿಂದೆ ಬಂದರೆ ಅದು ಯಾರಿಗೆ ಎಂದು ಕರಾರಿನಲ್ಲೇ ಬರೆದುಕೊಳ್ಳಿ.

ದುಬೈಯಲ್ಲಿ ದಿರ್ಹಮಿನ ಬೆಲೆ ನೋಡಿ ಅಲ್ಲಿಂದಲೇ ತರುವ ಆಸೆ ಬೇಡ. ಅಲ್ಲಿಯ ಕಾರಿನ ಸ್ಟಿಯರಿಂಗ್ ಎಡಕ್ಕೆ. ಆಮದಾಗುವ ಹಳೆ ಕಾರಿಗೆ ಸ್ಟಿಯರಿಂಗ್ ಬಲಕ್ಕೇ ಇರಬೇಕು, ತಯಾರಾಗಿ ಮೂರು ವರ್ಷ ಮೀರಿರಬಾರದು.

ವರ್ಷದೊಳಗೆ ಯಾವ ತಿಂಗಳು ಎಂದು ಕೇಳಿದರೆ ನಾನು ತುಳುವರ ಆಟಿ ತಿಂಗಳು ಎನ್ನುತ್ತೇನೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಶುಭವಲ್ಲವೆಂದು ನಮ್ಮ ಕಡೆ ವಾಹನ ಕೊಳ್ಳುವವರು ಕಡಿಮೆ, ಮಲಯಾಳಿಗಳಿಗೂ ಅದು ಕರ್ಕಟಕ. ನೆಲಕ್ಕೆ ಅಂಟಿದಂಥ ಕಾರಿಗೆ ಮಳೆಯಲ್ಲಿ ಗಿರಾಕಿಯೂ ಇಲ್ಲ, ಚೌಕಾಸಿಗೆ ಜಾಗವಿದೆ. ಇನ್ನೊಂದು ಲಾಭವೂ ಇದೆ. ಬಾಗಿಲ ರಬ್ಬರಿನ ಸೋರಿಕೆ, ಕಾರ್ಪೆಟ್ಟಿನಡಿಯ ತೇವ, ಇಲಿ ಕಡಿದ ವಯರು ಎಲ್ಲ ಕಣ್ಣಿಗೆ ಬೀಳುವುದು ಆಗಲೇ. ಆಟಿಯಲ್ಲಿ ನೋಡಿ, ಬೆಲೆ ಕುದುರಿಸಿ, ಆಟಿಯಲ್ಲಿ ತರುವುದು ಮನಸ್ಸಿಗೆ ಸರಿಬರದಿದ್ದರೆ ಕಾರನ್ನು ಆಗಸ್ಟ್ ಮಧ್ಯದ ಸೋಣ ಸಂಕ್ರಮಣ ಕಳೆದು ಮನೆಗೆ ತನ್ನಿ. ಇದು ತಪ್ಪಿದರೆ ಜನವರಿ, ಕಾರಿಗೆ ಲೆಕ್ಕದಲ್ಲಿ ಒಂದು ವರ್ಷ ಕೂಡಿದ ಹೊತ್ತು. ಆಯುಧಪೂಜೆ, ಬಿಸು (ತುಳುವರ ಹೊಸವರ್ಷ) ಇವುಗಳ ಮುನ್ನ ಬೆಲೆ ಕೇಳಲೇ ಹೋಗಬೇಡಿ.

ವಿಮೆಯಲ್ಲಿ ಒಂದನ್ನು ಗಮನಿಸಿ. ಸವಕಳಿ ಕಳೆಯದೆ ಕ್ಲೇಮ್ ಕೊಡುವ ಜೀರೊ ಡೆಪ್ ಸಾಮಾನ್ಯವಾಗಿ ಐದು ವರ್ಷದವರೆಗೆ ಮಾತ್ರ ಸಿಗುತ್ತದೆ. ಅದಿಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟಯರ್, ಬ್ಯಾಟರಿಗೆ ಕ್ಲೇಮಿನಲ್ಲಿ ಅರ್ಧ ಕಡಿತ. ಐ8ರ ಹೊರಮೈ ಬಹುತೇಕ ಪ್ಲಾಸ್ಟಿಕ್ಕೇ, ಒಳಗಿನ ಗೂಡು ಕಾರ್ಬನ್ ಫೈಬರಿನದ್ದು, ಜಖಂ ಆದರೆ ತಗಡಿನಂತೆ ಬಡಿದು ನೇರ ಮಾಡಲು ಬರುವುದಿಲ್ಲ. ಕಾರನ್ನು ಓಡಿಸುವ ಹೈವೋಲ್ಟೇಜ್ ಬ್ಯಾಟರಿಗೂ ಈ ಅರ್ಧ ಕಡಿತ ಅನ್ವಯವೇ ಎಂದು ವಿಮಾ ಕಂಪನಿಯಿಂದ ಬರೆದು ತರಿಸಿಕೊಳ್ಳಿ. ಕಾರು ಕೈಗೆ ಬಂದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ತಾನಾಗಿಯೇ ಬರುತ್ತದೆ, ನಿಮ್ಮ ಕಾರಿನ ಹಾನಿಯ ಭಾಗ ಬರುವುದಿಲ್ಲ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದು, ಅದನ್ನು ಬೆಲೆಯಲ್ಲಿ ಸೇರಿಸಲು ಒಪ್ಪಬೇಡಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವಂತಿಲ್ಲ, ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಕಾರು ತರುವ ದಿನ ಹೈವೋಲ್ಟೇಜ್ ಕೆಲಸ ಬಲ್ಲ ವರ್ಕ್‌ಶಾಪು ಮಂಗಳೂರಿನಲ್ಲಿದೆಯೋ ಕೋಝಿಕ್ಕೋಡಿಗೆ ಹೋಗಬೇಕೋ ವಿಚಾರಿಸಿಟ್ಟುಕೊಳ್ಳಿ, ಕೆಟ್ಟರೆ ಚಕ್ರ ನೆಲದಲ್ಲಿಟ್ಟು ಎಳೆಸದೆ ಫ್ಲಾಟ್‌ಬೆಡ್ ಲಾರಿಯಲ್ಲೇ ಸಾಗಿಸಬೇಕು. ಗಲ್ಫಿಗೆ ಮರಳುವ ಮೊದಲು ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿಗೆ ತಂದಿಟ್ಟು, 12 ವೋಲ್ಟಿನ ಬ್ಯಾಟರಿಗೆ ಮೇಂಟೆನೆನ್ಸ್ ಚಾರ್ಜರ್ ಹಾಕಿ, ತಿಂಗಳಿಗೊಮ್ಮೆ ಎಂಜಿನ್ ಬಿಸಿಯಾಗುವಷ್ಟು ಓಡಿಸಲು ಮನೆಯವರಿಗೆ ಹೇಳಿ ಹೋಗಿ.