ವಾಯಿದೆ ತಾನಾಗಿ ಬಂದರೆ ಡೈರಿ ಯಾಕೆ?

ಪ್ರಶ್ನೆ: ನಾವು ಮೂವರು ವಕೀಲರು, ಒಬ್ಬ ಗುಮಾಸ್ತ, ಹತ್ತಿರಹತ್ತಿರ 400 ಕೇಸು. ಆಫೀಸಿಗೆ ಯಾವ ಸಾಫ್ಟ್‌ವೇರ್ ತಗೊಳ್ಳೋದು? ಕೋರ್ಟುಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಕೋರ್ಟ್ಸ್‌ನಿಂದ ವಾಯಿದೆ (ಮುಂದಿನ ವಿಚಾರಣೆಯ ತಾರೀಖು) ತಾನಾಗಿ ಬರುತ್ತಂತಲ್ಲ, ಡೈರಿ ಬಿಡಬಹುದಾ?

ಡೈರಿ ಬಿಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಪ್ರಶ್ನೆ ಮತ್ತೆ ಬರುತ್ತದೆ, ಯಾಕೆಂದರೆ ಮಾರುವವರು ಮೊದಲು ತೋರಿಸುವುದೇ ಅದನ್ನು. ಪ್ರತಿ ಕೇಸಿನ ಗುರುತಾದ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ನಂಬರ್ ಹಾಕಿದರೆ ಪಕ್ಷಗಾರರ ಹೆಸರು, ಹಂತ, ಮುಂದಿನ ತಾರೀಖು ಎಲ್ಲವೂ ಬರುತ್ತದೆ. ಬರುವುದು ನಿಜ, ಆದರೆ ಕೋರ್ಟಿನ ಸಿಬ್ಬಂದಿ ಏರಿಸಿದ ಮೇಲೆ. ಬೆಳಿಗ್ಗೆ ಕೂಗಿದ ಕೇಸಿನ ವಾಯಿದೆ ಸಂಜೆಗೂ ಕಾಣಬಹುದು, ಮರುದಿನಕ್ಕೂ ಹೋಗಬಹುದು. ತಹಶೀಲ್ದಾರ್, ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿನ ಕೇಸುಗಳು ಅಲ್ಲಿ ಇರುವುದೇ ಇಲ್ಲ. ಜಮೀನಿನ ಕೇಸು ಹೆಚ್ಚಿರುವ ಆಫೀಸಿಗೆ ಅರ್ಧ ಕೆಲಸ ಅಲ್ಲೇ ಹೊರಗುಳಿಯಿತು.

ಇದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಕೋರ್ಟು ಕೊಡುವ ತಾರೀಖು ತಪ್ಪಿದರೆ ಬಹುಪಾಲು ಒಂದು ಅರ್ಜಿ ಹಾಕಿ ಸರಿಮಾಡಿಕೊಳ್ಳಬಹುದು. ಕೇಸು ಮುಳುಗುವುದು ಯಾವ ಕೋರ್ಟೂ ಬರೆದುಕೊಡದ ತಾರೀಖಿನಲ್ಲಿ. ಕಮರ್ಷಿಯಲ್ ದಾವೆಯಲ್ಲಿ ಸಮನ್ಸ್ ಜಾರಿಯಾಗಿ 120 ದಿನ ದಾಟಿದರೆ ಪ್ರತಿವಾದಿ ತನ್ನ ಲಿಖಿತ ಉತ್ತರ, ಅಂದರೆ ರಿಟನ್ ಸ್ಟೇಟ್‌ಮೆಂಟ್ ಹಾಕುವ ಹಕ್ಕೇ ಹೋಯಿತು. ಆ 120ನ್ನು ಎಣಿಸಬೇಕಾದವರು ನೀವು.

ಚೆಕ್ ಬೌನ್ಸ್ ತಗೊಳ್ಳಿ. ನೋಟಿಸು ಜನವರಿ 25ಕ್ಕೆ ತಲುಪಿತು. ಹಣ ಕೊಡಲು ಇರುವ 15 ದಿನ ಫೆಬ್ರವರಿ 9ಕ್ಕೆ ಮುಗಿಯಿತು, 10ಕ್ಕೆ ವ್ಯಾಜ್ಯಕಾರಣ (ದೂರು ಹಾಕುವ ಹಕ್ಕು) ಹುಟ್ಟಿತು. ದೂರಿಗೆ ಒಂದು ತಿಂಗಳು, ಅಂದರೆ ಕ್ಯಾಲೆಂಡರ್ ತಿಂಗಳು: ಮಾರ್ಚ್ 10. ತಿಂಗಳು ಎಂದರೆ 30 ದಿನ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾರ್ಚ್ 12 ತೋರಿಸುತ್ತದೆ (ಫೆಬ್ರವರಿಗೆ 28 ದಿನವಿದ್ದ ವರ್ಷದಲ್ಲಿ). ಅದನ್ನು ನಂಬಿ 12ಕ್ಕೆ ಹೋದರೆ ಎರಡು ದಿನದ ವಿಳಂಬ, ಅದನ್ನು ಮನ್ನಿಸಿ ಎಂದು ಅರ್ಜಿ, ಅದಕ್ಕೊಂದು ಆಕ್ಷೇಪಣೆ. ಡೆಮೋದಲ್ಲಿ ಈ ಒಂದೇ ಲೆಕ್ಕ ಕೊಟ್ಟು ನೋಡಿ. ಉತ್ತರ 12 ಬಂದರೆ ಮುಂದೆ ಮಾತಾಡಬೇಕಾಗಿಲ್ಲ.

ಉಳಿದದ್ದು ಸುಲಭ. 50–60 ಕೇಸಿನವರಿಗೆ ಇ-ಕೋರ್ಟ್ಸ್ ಆ್ಯಪ್ ಸಾಕು, ದುಡ್ಡಿಲ್ಲ. ಪಟ್ಟಿ ಫೋನಿನಲ್ಲೇ ಉಳಿಯುವುದರಿಂದ ಬ್ಯಾಕಪ್ ತಪ್ಪದೆ ತೆಗೆಯಿರಿ. 400 ಕೇಸಿಗೆ ಸಾಫ್ಟ್‌ವೇರ್ ಬೇಕೇ ಬೇಕು. ಕೊಳ್ಳುವ ಮೊದಲು ನಿಮ್ಮದೇ 20 ಕೇಸು ಹಾಕಿ ನೋಡಿ. ಅದರಲ್ಲಿ ಮೇಲ್ಮನವಿಗೆ ಹೋದದ್ದೊಂದು ಇರಲಿ, ಮೇಲ್ಮನವಿಗೆ ಸಿ.ಎನ್.ಆರ್. ಬೇರೆ, ಮೂಲ ದಾವೆಯ ಜೊತೆ ಅದು ಒಂದೇ ಕಡತವಾಗಿ ಕಾಣಬೇಕು. ಚಂದಾ ನಿಲ್ಲಿಸಿದ ದಿನ ಕೇಸುಪಟ್ಟಿಯೂ ದಾಖಲೆಗಳೂ ಪೂರ್ತಿ ನಿಮ್ಮ ಕೈಗೆ ಬರುತ್ತವೆಯೇ ಎಂದು ಬರಹದಲ್ಲಿ ಕೇಳಿ. ಗುಮಾಸ್ತ ತಾರೀಖು ತಿದ್ದಿದರೆ ಯಾರು, ಯಾವಾಗ ತಿದ್ದಿದರು ಎಂಬುದು ಉಳಿಯಲೇಬೇಕು.

ಯಾರೂ ಕೇಳದ ಇನ್ನೊಂದು ವಿಷಯ: ಹಳೆಯ ಪ್ಲೇಂಟು (ದಾವಾಪತ್ರ), ಅಫಿಡವಿಟ್ಟುಗಳು ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆ ಆಸ್ಕಿ ಫಾಂಟಿನಲ್ಲಿವೆಯೇ? ಹಾಗಿದ್ದರೆ ಯಾವ ಸಾಫ್ಟ್‌ವೇರಿನಲ್ಲಿ ‘ವಿಭಾಗ’ ಎಂದು ಹುಡುಕಿದರೂ ಸಿಗುವುದಿಲ್ಲ. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಲ್ಯಾಟಿನ್ ಅಕ್ಷರಗಳ ಸಾಲು. ಮೊದಲು ಯೂನಿಕೋಡಿಗೆ (ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಸಂಕೇತಕ್ಕೆ) ಬದಲಿಸಿ, ಆಮೇಲೆ ಏರಿಸಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರ್ ಅಕ್ಷರಕ್ಕಿಂತ ಮೊದಲು ಬರಬೇಕು, ಬದಲಿಸುವ ತಂತ್ರಾಂಶ ಎಡವುವುದು ಅಲ್ಲೇ. ‘ಅರ್ಜಿ’, ‘ವರ್ಗಾವಣೆ’, ‘ಪೂರ್ವಜರು’: ಈ ಮೂರು ಸರಿಯಾಗಿ ಬಂದಿವೆಯೇ ಎಂದು ಮೊದಲು ನೋಡಿ.