ವೃತ್ತಿ ಇಂಗ್ಲಿಷ್: ಎರಡು ದೇಶಗಳ ಶಿಕ್ಷಕರು ಸೇರಿ ಒಂದು ಪಾಠ ಕಟ್ಟುವಾಗ

ವಿಷಯವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿಸುವ ವಿಧಾನಕ್ಕೆ ಕ್ಲಿಲ್ ಎಂದು ಹೆಸರು. ಕ್ಲಿಲ್ ಎಂದರೆ ಇಂಗ್ಲಿಷ್ ಮಾಧ್ಯಮ ಎಂದು ಶಿಕ್ಷಕರಾದ ನಮ್ಮಲ್ಲಿ ಹಲವರು ಬರೆದುಕೊಂಡಿದ್ದೇವೆ. ಆ ಸಾಲನ್ನು ಹೊಡೆದುಹಾಕಿ. ಇಂಗ್ಲಿಷ್ ಮಾಧ್ಯಮದಲ್ಲಿ ವಿಷಯ ಕಲಿಸಿದರೆ ಸಾಕು, ಭಾಷೆ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಇರುತ್ತದೆ. ಆದರೆ ಕ್ಲಿಲ್ ಪಾಠಕ್ಕೆ ವಿಷಯದ ಗುರಿಯೂ ಇರಬೇಕು, ಭಾಷೆಯ ಗುರಿಯೂ ಇರಬೇಕು. ಎರಡನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. 'ಕಂಟೆಂಟ್ ಆ್ಯಂಡ್ ಲ್ಯಾಂಗ್ವೇಜ್ ಇಂಟಿಗ್ರೇಟೆಡ್ ಲರ್ನಿಂಗ್' ಎಂಬುದರ ಮೊದಲಕ್ಷರಗಳಿಂದಾದ ಈ ಹೆಸರು ಯುರೋಪಿನಲ್ಲಿ 1994ರಲ್ಲಿ ಬಳಕೆಗೆ ಬಂದಿತು. ಫಿನ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ಮಾರ್ಷ್ ಇದನ್ನು ರೂಢಿಗೆ ತಂದವರು.

ಕ್ಲಿಲ್ ಕುರಿತು ಸಂಶೋಧನೆ ಮಾಡಿದ ಡೊ ಕಾಯ್ಲ್ ಅವರ ವಿಂಗಡಣೆ ಇಲ್ಲಿ ಬಹಳ ಉಪಯುಕ್ತ. ಅವರು ಭಾಷೆಯನ್ನು ಮೂರಾಗಿ ನೋಡುತ್ತಾರೆ: ವಿಷಯದ ಭಾಷೆ, ವಿಷಯವನ್ನು ಕಲಿಯಲು ಬೇಕಾಗುವ ಭಾಷೆ, ಕಲಿಯುತ್ತಿರುವಾಗ ಹೊಸದಾಗಿ ಹುಟ್ಟುವ ಭಾಷೆ. ವಿದ್ಯುತ್ ಕೆಲಸದ ತರಗತಿಯನ್ನು ಎಣಿಸಿಕೊಳ್ಳಿ. ಫ್ಯೂಸ್, ಟರ್ಮಿನಲ್, ಇನ್ಸುಲೇಶನ್ ಇವು ಮೊದಲ ಬಗೆಯವು. ಭಾಷಾ ಶಿಕ್ಷಕರು ಸಾಮಾನ್ಯವಾಗಿ ಈ ಪದಗಳ ಪಟ್ಟಿ ಮಾಡಿ ಕಂಠಪಾಠ ಮಾಡಿಸುತ್ತಾರೆ. ಆದರೆ ಉಪಕರಣ ಹಿಡಿದು ಕೆಲಸ ಮಾಡುವ ವಿದ್ಯಾರ್ಥಿಗೆ ಇವು ಬಹುಪಾಲು ಗೊತ್ತೇ ಇರುತ್ತವೆ. ಅವನು ಎಡವುವುದು 'ಅನ್‌ಟಿಲ್', 'ಅನ್‌ಲೆಸ್' ಎಂಬ ಪುಟ್ಟ ಪದಗಳಲ್ಲಿ. ಇವು ಎರಡನೆಯ ಬಗೆಯವು. 'ವಿದ್ಯುತ್ ಕಡಿತವಾಗುವವರೆಗೆ ಮುಚ್ಚಳ ತೆರೆಯಬಾರದು' ಎಂಬ ಸೂಚನೆಯಲ್ಲಿ 'ಮುಚ್ಚಳ' ಗೊತ್ತಿದ್ದು 'ವರೆಗೆ' ತಪ್ಪಿದರೆ ಜೀವಕ್ಕೇ ಅಪಾಯ. ಆದ್ದರಿಂದ ಎರಡನೆಯ ಬಗೆಯ ಭಾಷೆಗೇ ಹೆಚ್ಚು ಹೊತ್ತು ಕೊಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇದಕ್ಕೆ ಸೇರಿದ್ದೇ ಇನ್ನೊಂದು ಸಂಗತಿ. ಅಂತಾರಾಷ್ಟ್ರೀಯ ಮಾನಕಗಳ ಬರವಣಿಗೆಯಲ್ಲಿ 'ಶಲ್' ಎಂದರೆ ಕಡ್ಡಾಯ, 'ಶುಡ್' ಎಂದರೆ ಶಿಫಾರಸು, 'ಮೇ' ಎಂದರೆ ಅನುಮತಿ, 'ಕ್ಯಾನ್' ಎಂದರೆ ಸಾಧ್ಯತೆ. ಸಾಮಾನ್ಯ ವ್ಯಾಕರಣ ಪಾಠದಲ್ಲಿ ಈ ಗೆರೆಗಳು ಇಷ್ಟು ಖಚಿತವಾಗಿರುವುದಿಲ್ಲ. ಇದನ್ನು ಭಾಷಾ ಶಿಕ್ಷಕರಿಗೆ ತಿಳಿಸಬಲ್ಲವರು ವಿಷಯ ಶಿಕ್ಷಕರೇ.

ಹಾಗಾದರೆ ಬೇರೆ ದೇಶದ ಶಿಕ್ಷಕರು ಏಕೆ ಬೇಕು? ತಂತಿಯ ಬಣ್ಣಗಳನ್ನೇ ನೋಡಿ. ಯುರೋಪಿನಲ್ಲಿ ಲೈವ್ ತಂತಿ (ವಿದ್ಯುತ್ ತರುವುದು) ಸಾಮಾನ್ಯವಾಗಿ ಕಂದು, ನ್ಯೂಟ್ರಲ್ (ವಿದ್ಯುತ್ ಮರಳುವುದು) ನೀಲಿ. ಅಮೆರಿಕದ ಮನೆಗಳ ವೈರಿಂಗ್‌ನಲ್ಲಿ ಲೈವ್ ಸಾಮಾನ್ಯವಾಗಿ ಕಪ್ಪು, ನ್ಯೂಟ್ರಲ್ ಬಿಳಿ. ಬ್ರಿಟನ್ನಿನಲ್ಲಿ 2004ರಲ್ಲಿ ಹೊಸ ಬಣ್ಣಗಳು ಬರುವ ಮುಂಚೆ ಕಪ್ಪು ಎಂದರೆ ನ್ಯೂಟ್ರಲ್. ಹಳೆಯ ಕಟ್ಟಡಗಳಲ್ಲಿ ಅದು ಇನ್ನೂ ಉಳಿದಿದೆ. ಅಂದರೆ 'ಕಪ್ಪು ತಂತಿ' ಎಂಬ ಸರಳ ಇಂಗ್ಲಿಷ್ ಮಾತಿಗೆ ಎರಡು ಕಡೆ ಎರಡು ಅರ್ಥ, ಅದೂ ವಿರುದ್ಧ ಅರ್ಥ. ಬ್ರಿಟನ್ನಿನವರು 'ಅರ್ತ್' ಎಂದದ್ದನ್ನು ಅಮೆರಿಕದವರು 'ಗ್ರೌಂಡ್' ಎನ್ನುತ್ತಾರೆ. ಒಂದೇ ಊರಿನ ಇಬ್ಬರು ಶಿಕ್ಷಕರು ಎಷ್ಟು ಹೊತ್ತು ಕೂತು ಚರ್ಚಿಸಿದರೂ ಈ ಪ್ರಶ್ನೆ ಏಳುವುದಿಲ್ಲ, ಏಕೆಂದರೆ ಇಬ್ಬರಿಗೂ ಉತ್ತರ ಮೊದಲೇ ಗೊತ್ತಿದೆ.

ಇಂಥ ಜೊತೆಗಾರಿಕೆಗೆ ದಾರಿಗಳಿವೆ. ಬೇರೆ ಬೇರೆ ದೇಶಗಳ ತರಗತಿಗಳು ಅಂತರ್ಜಾಲದಲ್ಲಿ ಕೂಡಿ ಕೆಲಸ ಮಾಡಲು ಯುರೋಪಿನ ಶಾಲೆಗಳಿಗೆ 2005ರಿಂದ ಇ-ಟ್ವಿನಿಂಗ್ ಇದೆ. ವೃತ್ತಿ ಶಿಕ್ಷಣದ ವಿನಿಮಯಕ್ಕೆಂದೇ ಇದ್ದ ಲಿಯೊನಾರ್ಡೊ ಡ ವಿಂಚಿ ಯೋಜನೆ 2014ರಲ್ಲಿ ಯುರೋಪಿಯನ್ ಒಕ್ಕೂಟದ ಶಿಕ್ಷಣ ಯೋಜನೆಯಾದ ಎರಾಸ್ಮಸ್ ಪ್ಲಸ್‌ನೊಳಗೆ ಸೇರಿತು. ಯೋಜನೆಯ ಹೆಸರಿಗಿಂತ ಯಾವ ಕೆಲಸ ಹಂಚಿಕೊಳ್ಳುತ್ತೇವೆ ಎಂಬುದು ಮುಖ್ಯ. ಎರಡೂ ಕಡೆಯ ವಿದ್ಯಾರ್ಥಿಗಳು ಪರಸ್ಪರ ಪರಿಚಯ ಹೇಳಿಕೊಂಡು ಮುಗಿಸಿದರೆ ಅದು ಸ್ನೇಹ, ಪಾಠವಲ್ಲ. ಒಂದು ತರಗತಿ ಪ್ಲಗ್ ಜೋಡಿಸುವ ಸೂಚನೆಗಳನ್ನು ಬರೆಯಲಿ. ಇನ್ನೊಂದು ತರಗತಿ ವಿದ್ಯುತ್ ಸಂಪರ್ಕವಿಲ್ಲದ ಅಭ್ಯಾಸ ಹಲಗೆಯ ಮೇಲೆ, ಬರೆದದ್ದನ್ನು ಅಕ್ಷರಶಃ ಪಾಲಿಸಲಿ. ಎಲ್ಲಿ ಕೈ ನಿಲ್ಲುತ್ತದೆಯೋ ಅಲ್ಲಿ ಪ್ರಶ್ನೆ ಬರೆದು ಕಳಿಸಲಿ. ಕಾಯ್ಲ್ ಹೇಳುವ ಮೂರನೆಯ ಬಗೆಯ ಭಾಷೆ ಹುಟ್ಟುವುದು ಆ ಪ್ರಶ್ನೆಗಳಲ್ಲಿ.

ಅಂಕ ಕೊಡುವಾಗ ಮಾತ್ರ ಎಚ್ಚರ. ಜೋಡಣೆ ಸರಿಯಾಗಿದ್ದು ವಾಕ್ಯದಲ್ಲಿ ತಪ್ಪಿದ್ದರೆ ವಿಷಯದ ಅಂಕ ಕಡಿಯಬಾರದು. ಎರಡಕ್ಕೂ ಬೇರೆ ಬೇರೆ ಮಾನದಂಡ ಇರಬೇಕು, ಅದನ್ನು ಎರಡೂ ದೇಶಗಳ ಶಿಕ್ಷಕರು ಪಾಠ ಆರಂಭವಾಗುವ ಮುಂಚೆಯೇ ಒಪ್ಪಿಕೊಂಡಿರಬೇಕು. ಭಾಷೆಯ ಅಂಕವನ್ನು ಕೊಡುವಾಗಲೂ ನೋಡಬೇಕಾದದ್ದು ಸೊಬಗನ್ನಲ್ಲ. 'ಕಪ್ಪು ತಂತಿಯನ್ನು ಜೋಡಿಸಿ' ಎಂದು ಬರೆದಿದ್ದ ವಿದ್ಯಾರ್ಥಿ, ಆಚೆಯಿಂದ ಪ್ರಶ್ನೆ ಬಂದ ಮೇಲೆ 'ಎಲ್ ಎಂದು ಗುರುತು ಹಾಕಿದ ಟರ್ಮಿನಲ್‌ಗೆ ಲೈವ್ ತಂತಿಯನ್ನು ಜೋಡಿಸಿ' ಎಂದು ತಿದ್ದಿದರೆ ಪೂರ್ಣ ಅಂಕ ಕೊಡಿ.