ಹಗುರ ಬೈಕು, ಅಗಲ ಎದೆ

ಕೊಡಗಿನಲ್ಲಿ ಡ್ಯುಯಲ್ ಸ್ಪೋರ್ಟ್ ಬೈಕ್, ಅಂದರೆ ಡಾಂಬರು ರಸ್ತೆಗೂ ಕಾಡುದಾರಿಗೂ ಆಗುವ ಬೈಕ್ ತಗೊಂಡವರಿಗೆ ಉಪದೇಶ ಪುಕ್ಕಟೆ ಸಿಗುತ್ತದೆ. "ತೋಟಕ್ಕೆ, ಮಾಂದಲಪಟ್ಟಿ ಬೆಟ್ಟಕ್ಕೆ ಸರಿ ಮಾರಾಯ, ಮೈಸೂರು ರೋಡಲ್ಲಿ ಗಾಳಿಗೆ ಹಾರಿಹೋಗ್ತೀಯ. ಗಾಡಿ ಅಂದ್ರೆ ತೂಕ ಇರಬೇಕು." ಜೊತೆಗೆ ಪರಿಹಾರವೂ ಉಂಟು. ಹಿಂದೆ ಒಂದು ದಪ್ಪ ಬ್ಯಾಗ್ ಕಟ್ಟು, ಗಾಡಿ ರೋಡು ಹಿಡಿಯುತ್ತದೆ. ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟುವವರೂ ಇದ್ದಾರೆ. ಅದರಿಂದ ಲಾಭವಿಲ್ಲದಿದ್ದರೂ ನಷ್ಟವಂತೂ ಇಲ್ಲ. ಬ್ಯಾಗ್ ಕಟ್ಟುವ ಉಪದೇಶ ಹಾಗಲ್ಲ, ಅದು ಇದ್ದ ತೊಂದರೆಯನ್ನು ಹೆಚ್ಚಿಸುತ್ತದೆ.

ಹಾಗಂತ ಆ ಅನುಭವ ಸುಳ್ಳಲ್ಲ. ವೇಗ ಏರಿದಾಗ ಈ ಬೈಕುಗಳ ಮುಂಭಾಗ ತೇಲಿದಂತೆ ಆಗುತ್ತದೆ. ಹ್ಯಾಂಡಲ್ ಹಗುರವಾಗಿ ಅಲುಗಾಡುತ್ತದೆ. ಎಲ್ಲರೂ ಕಾರಣವನ್ನು ಗಾಡಿಯ ತೂಕದಲ್ಲಿ ಹುಡುಕುತ್ತಾರೆ. ಕಾರಣ ಇರುವುದು ಸೀಟಿನ ಮೇಲೆ, ನೆಟ್ಟಗೆ ಕೂತ ಸವಾರನ ಎದೆಯಲ್ಲಿ.

ಲೆಕ್ಕಕ್ಕೆ ಹೀರೋ ಎಕ್ಸ್‌ಪಲ್ಸ್ 200 4ವಿ ಇಟ್ಟುಕೊಳ್ಳೋಣ, ನಮ್ಮ ಕಡೆ ಸುಲಭವಾಗಿ ಕಾಣಸಿಗುವ ಗಾಡಿ. 199.6 ಸಿಸಿ, ಸುಮಾರು 19 ಎಚ್‌ಪಿ, ತೂಕ 160 ಕಿಲೋ ಆಸುಪಾಸು. ಮುಂದಿನ ಚಕ್ರ 21 ಇಂಚು. ಸೀಟು ಎತ್ತರ, ಹ್ಯಾಂಡಲ್ ಅಗಲ. ಇದರ ಮೇಲೆ ಕೂತವನು ಗಾಳಿಗೆ ಎದೆಯೊಡ್ಡಿ, ಮೊಣಕೈ ಅಗಲಿಸಿ ಕೂರುತ್ತಾನೆ. ಕಾಡುದಾರಿಯಲ್ಲಿ ಅದೇ ಸರಿಯಾದ ಭಂಗಿ. ಹೈವೇಯಲ್ಲಿ ಮಾತ್ರ ಅದೇ ದೋಣಿಯ ಹಾಯಿ ಆಗುತ್ತದೆ.

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದಕ್ಕೆ ಬೇಕಾದ ಶಕ್ತಿ ಘನದಂತೆ. ಇದನ್ನು ಹೈಸ್ಕೂಲಿನಲ್ಲಿ ಓದಿ ಮರೆತವರಿಗೆ ಅಂಕಿಗಳಲ್ಲೇ ಹೇಳುತ್ತೇನೆ. ನೆಟ್ಟಗೆ ಕೂತ ಸವಾರ ಮತ್ತು ಬೈಕು ಸೇರಿದರೆ, ಗಂಟೆಗೆ 60 ಕಿ.ಮೀ.ನಲ್ಲಿ ಗಾಳಿಯನ್ನು ಸೀಳಲು ಸುಮಾರು 2.2 ಎಚ್‌ಪಿ ಸಾಕು. 80ಕ್ಕೆ 5.3. 100ಕ್ಕೆ 10.4. 120ಕ್ಕೆ 18. ವೇಗ ಎರಡು ಪಟ್ಟು, ಶಕ್ತಿ ಎಂಟು ಪಟ್ಟು. ಟೈರಿನ ಉಜ್ಜಾಟ, ಚೈನಿನ ನಷ್ಟ ಇದರ ಮೇಲೆ ಬೇರೆ. ಇರುವುದೇ 19. ಹಾಗಾಗಿ ಈ ಗಾಡಿ 110 ದಾಟಿದ ಮೇಲೆ ಏದುಸಿರು ಬಿಡುವುದರಲ್ಲಿ ಇಂಜಿನ್ನಿನ ತಪ್ಪೇನೂ ಇಲ್ಲ. (ಅಂದ ಹಾಗೆ ಇದು ಲೆಕ್ಕ ಮಾತ್ರ. 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲೂ ಬೈಕಿಗೆ ಗರಿಷ್ಠ ಮಿತಿ 80. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯೇ ಗತಿ.)

ಇದೇ ಸೂತ್ರದಲ್ಲಿ ಇನ್ನೊಂದು ಮಜಾ ಇದೆ. ಮಳೆಗಾಲದಲ್ಲಿ ಗಾಳಿ ಬೀಸುವುದು ಪಶ್ಚಿಮದ ಕಡೆಯಿಂದ. ಕುಶಾಲನಗರದಿಂದ ಹುಣಸೂರಿನ ಕಡೆಗೆ ಹೋಗುವಾಗ ಅದು ಬೆನ್ನು ತಳ್ಳುತ್ತದೆ, ವಾಪಸ್ ಬರುವಾಗ ಎದೆಗೆ ಬಡಿಯುತ್ತದೆ. ಗಾಳಿಯ ವೇಗ 20 ಇದೆ ಅನ್ನಿ, ಸ್ಪೀಡೋಮೀಟರ್ 80 ತೋರಿಸುತ್ತಿದೆ. ಹೋಗುವಾಗ ಗಾಳಿಯ ಲೆಕ್ಕಕ್ಕೆ 3 ಎಚ್‌ಪಿ, ಬರುವಾಗ 8.3. ಅದೇ ಗಾಡಿ, ಅದೇ 80, ಕೆಲಸ ಮಾತ್ರ ಹೆಚ್ಚುಕಡಿಮೆ ಮೂರು ಪಟ್ಟು. ಪಾಪ, ಬೈಗುಳ ತಿನ್ನುವುದು ಮೈಸೂರಿನಲ್ಲಿ ಪೆಟ್ರೋಲ್ ಹಾಕಿಸಿದ ಬಂಕ್. "ಊರಿಂದ ಹಾಕಿಸಿದ ಪೆಟ್ರೋಲಲ್ಲಿ ಎಷ್ಟು ಚೆನ್ನಾಗಿ ಎಳೀತಿತ್ತು, ಇದರಲ್ಲಿ ಏನೋ ಬೆರಕೆ ಮಾಡಿದ್ದಾರೆ!"

"ನಮ್ಮ ಬೆಟ್ಟದ ತಂಪು ಗಾಳಿಗೆ ಇಂಜಿನ್ ಚೆನ್ನಾಗಿ ಉಸಿರಾಡುತ್ತದೆ" ಅನ್ನುವುದೂ ಅರ್ಧ ಸತ್ಯ. ಹತ್ತು ಡಿಗ್ರಿ ತಂಪಾದರೆ ಗಾಳಿ ಮೂರುವರೆ ಶೇಕಡಾ ಸಾಂದ್ರವಾಗುತ್ತದೆ, ನಿಜ. ಆದರೆ ಮಡಿಕೇರಿ ಸಮುದ್ರಮಟ್ಟದಿಂದ 1100 ಮೀಟರಿಗೂ ಮೇಲೆ ಇದೆ. ಆ ಎತ್ತರಕ್ಕೆ ಶೇಕಡಾ ಹತ್ತರಷ್ಟು ಸಾಂದ್ರತೆ ಹೋಗಿಬಿಡುತ್ತದೆ. ಇಂಜಿನ್ನಿಗೆ ನಷ್ಟವೇ. ಆದರೆ ತೆಳುವಾದ ಗಾಳಿ ಎದೆಗೂ ಅಷ್ಟೇ ಕಡಿಮೆ ಬಡಿಯುತ್ತದಲ್ವಾ, ಆದ್ದರಿಂದ ಗರಿಷ್ಠ ವೇಗ ಮಂಗಳೂರಿನಲ್ಲೂ ಇಲ್ಲೂ ಹೆಚ್ಚುಕಡಿಮೆ ಒಂದೇ.

ಈಗ ತೇಲುವ ಹ್ಯಾಂಡಲ್ಲಿಗೆ ಬರೋಣ, ನನಗೆ ತುಂಬಾ ಇಷ್ಟವಾದ ಭಾಗ ಇದು. 100ರಲ್ಲಿ ಗಾಳಿ ನಿಮ್ಮನ್ನು ಸುಮಾರು 28 ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳು ಬೀಳುವುದು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ. ಅದನ್ನು ಎದುರಿಸುವ ಬಲ ಮಾತ್ರ ಕೆಳಗಿದೆ, ಹಿಂದಿನ ಟೈರು ನೆಲ ಮುಟ್ಟುವ ಜಾಗದಲ್ಲಿ. ಒಂದು ಬಲ ಮೇಲೆ ಹಿಂದಕ್ಕೆ, ಇನ್ನೊಂದು ಕೆಳಗೆ ಮುಂದಕ್ಕೆ. ಮನೆಯ ಬೀರುವನ್ನು ಮೇಲ್ಭಾಗದಲ್ಲಿ ಕೈ ಇಟ್ಟು ತಳ್ಳಿ ನೋಡಿ, ನಿಮ್ಮ ಕಡೆಯ ಕಾಲುಗಳು ನೆಲ ಬಿಡಲು ನೋಡುತ್ತವೆ. ಬೈಕಿನಲ್ಲಿ ಆ ಕಾಲು ಅಂದರೆ ಮುಂದಿನ ಚಕ್ರ. ಎರಡು ಚಕ್ರಗಳ ನಡುವಿನ ದೂರ 1.4 ಮೀಟರ್. ಭಾಗಿಸಿದರೆ 20 ಕಿಲೋ. ಅಂದರೆ ನಿಂತಾಗ ಮುಂದಿನ ಚಕ್ರದ ಮೇಲೆ ಸವಾರನೂ ಸೇರಿ ಸುಮಾರು 100 ಕಿಲೋ ಇದ್ದರೆ, 100ರ ವೇಗದಲ್ಲಿ 80 ಉಳಿಯುತ್ತದೆ. ಐದರಲ್ಲಿ ಒಂದು ಪಾಲನ್ನು ಎದೆ ಹಿಂದಕ್ಕೆ ಸಾಗಿಸಿಬಿಟ್ಟಿತು. 60ರಲ್ಲಿ ಇದೇ ಲೆಕ್ಕ ಬರೀ 7 ಕಿಲೋ, ಅದು ಗೊತ್ತೇ ಆಗುವುದಿಲ್ಲ.

ಹಿಂದೆ ಕಟ್ಟುವ ಬ್ಯಾಗಿನ ಕತೆ ಇಲ್ಲಿ ಬಯಲಾಗುತ್ತದೆ. ಇಪ್ಪತ್ತು ಕಿಲೋ ಬ್ಯಾಗನ್ನು ಕ್ಯಾರಿಯರ್ ಮೇಲೆ, ಹಿಂದಿನ ಆಕ್ಸೆಲ್‌ಗಿಂತ ಒಂದು ಗೇಣು ಹಿಂದೆ ಕಟ್ಟಿದರೆ ಮುಂದಿನ ಚಕ್ರಕ್ಕೆ ಒಂದು ಕಿಲೋವೂ ಸೇರುವುದಿಲ್ಲ. ಉಲ್ಟಾ ಮೂರು ಕಿಲೋ ಹೋಗುತ್ತದೆ. ಗಾಳಿ ಕದ್ದದ್ದು ಸಾಲದು ಅಂತ ನಾವೇ ಇನ್ನಷ್ಟು ಎತ್ತಿ ಕೊಟ್ಟಂತೆ.

ಮುಂದಿನ ಚಕ್ರದ ಭಾರಕ್ಕೆ ಯಾಕಿಷ್ಟು ಬೆಲೆ? ಇದಕ್ಕೆ ಸ್ವಲ್ಪ ಚರಿತ್ರೆ ಬೇಕು, ಯಾಕಂದರೆ ಇಲ್ಲೂ ಒಂದು ಹಳೆಯ ನಂಬಿಕೆ ಕೂತಿದೆ. ಚಕ್ರ ಬುಗುರಿಯ ಹಾಗೆ ತಿರುಗುವುದರಿಂದ ಗಾಡಿ ಬೀಳುವುದಿಲ್ಲ ಅನ್ನುವುದು. ಮೇಷ್ಟ್ರುಗಳೂ ಹೀಗೇ ಹೇಳುತ್ತಾರೆ. 1869ರಲ್ಲೇ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಇಂಜಿನಿಯರ್, ಉಗಿ ಯಂತ್ರದ ಸಿದ್ಧಾಂತಕ್ಕೆ ಹೆಸರಾದವನು, ಸೈಕಲ್ ಬೀಳದಿರುವುದು ಹ್ಯಾಂಡಲ್ ತಿರುಗಿಸುವುದರಿಂದ ಅಂತ ಬರೆದಿದ್ದ. ವಿಮಾನ ಹಾರಿಸುವ ಮೊದಲು ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ರೈಟ್ ಕೂಡ ಎಡಕ್ಕೆ ತಿರುಗಲು ಸವಾರ ಮೊದಲು ಬಲಕ್ಕೆ ತಿರುಗಿಸುತ್ತಾನೆ ಅನ್ನುವುದನ್ನು ಗಮನಿಸಿದ್ದ. 1970ರಲ್ಲಿ ಡೇವಿಡ್ ಜೋನ್ಸ್ ಅನ್ನುವ ಬ್ರಿಟಿಷ್ ವಿಜ್ಞಾನಿ ಯಾರೂ ಓಡಿಸಲಾಗದ ಸೈಕಲ್ ಕಟ್ಟಲು ಹೊರಟ. ಮುಂದಿನ ಚಕ್ರದ ಪಕ್ಕ ವಿರುದ್ಧ ದಿಕ್ಕಿಗೆ ತಿರುಗುವ ಇನ್ನೊಂದು ಚಕ್ರ ಹಾಕಿ ಬುಗುರಿಯ ಪರಿಣಾಮವನ್ನೇ ರದ್ದು ಮಾಡಿದ. ಆದರೂ ಅದನ್ನು ಆರಾಮವಾಗಿ ಓಡಿಸಬಹುದಿತ್ತು! 2011ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಬುಗುರಿಯ ಪರಿಣಾಮವೂ ಇಲ್ಲದ, ಟ್ರೇಲೂ (ಅದೇನೆಂದು ಮುಂದೆ ಹೇಳುತ್ತೇನೆ) ಇಲ್ಲದ ಒಂದು ಪುಟ್ಟ ವಾಹನ ಮಾಡಿ, ಅದು ಸವಾರನಿಲ್ಲದೆ ತಾನೇ ಸಮತೋಲ ಕಾಯುವುದನ್ನು ತೋರಿಸಿದರು. ಒಂದೇ ಕಾರಣ ಅಂತ ಇಲ್ಲ, ಹಲವು ಸೇರಿ ಆಗುವ ಕೆಲಸ ಅದು.

ನಮ್ಮ ಬೈಕುಗಳಲ್ಲಿ ಟ್ರೇಲ್‌ಗೆ ದೊಡ್ಡ ಪಾಲಿದೆ. ಹ್ಯಾಂಡಲ್ ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆಯಿರಿ. ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಅಂತರವೇ ಟ್ರೇಲ್. ಗಾಡಿ ಎಡಕ್ಕೆ ವಾಲಿದರೆ ಮುಂದಿನ ಚಕ್ರ ತಾನಾಗಿ ಎಡಕ್ಕೆ ತಿರುಗುತ್ತದೆ, ಚಕ್ರಗಳು ಭಾರದ ಅಡಿಗೆ ಬಂದು ಗಾಡಿ ಮತ್ತೆ ನೆಟ್ಟಗಾಗುತ್ತದೆ. ಇದನ್ನು ಮಾಡುವುದು ನೆಲ ಆ ಟೈರನ್ನು ಒತ್ತುವ ಬಲ. ಚಕ್ರದ ಮೇಲೆ ಭಾರ ಕಡಿಮೆಯಾದರೆ ಈ ತಿದ್ದುವಿಕೆಯೂ ಸಡಿಲವಾಗುತ್ತದೆ. ಹ್ಯಾಂಡಲ್ ಹಗುರ ಅನಿಸುವುದು ಅದಕ್ಕೇ.

ಪಕ್ಕದ ಗಾಳಿ ಬೇರೆ ಇದೆ. ತೋಟಗಳ ನಡುವೆ ಸಿಲ್ವರ್ ಓಕ್ ಸಾಲು ಗಾಳಿಯನ್ನು ತಡೆಯುತ್ತದೆ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣ ಅಂತ ಹೋದರೆ ಎರಡೂ ಕಡೆ ಜೋಳ, ಹೊಗೆಸೊಪ್ಪಿನ ಬಯಲು, ತಡೆಯುವವರಿಲ್ಲ. ಪಕ್ಕದ ತಳ್ಳು ಬರೀ ಗಾಳಿಯ ವೇಗದಿಂದ ಬರುವುದಿಲ್ಲ. ಹೆಚ್ಚುಕಡಿಮೆ ಗಾಳಿಯ ವೇಗವನ್ನು ನಿಮ್ಮ ವೇಗದಿಂದ ಗುಣಿಸಿದಷ್ಟು ಬರುತ್ತದೆ. ಆಕ್ಸಿಲರೇಟರ್ ತಿರುಗಿಸಿದಷ್ಟೂ ಅದೇ ಗಾಳಿ ಜಾಸ್ತಿ ತಳ್ಳುತ್ತದೆ. 90ರಲ್ಲಿ ಹೋಗುವಾಗ 30ರ ಅಡ್ಡಗಾಳಿ ಬಂದರೆ ನಮ್ಮ ಹಗುರ ಬೈಕು ಸುಮಾರು ಎರಡೂವರೆ ಡಿಗ್ರಿ ಗಾಳಿಯ ಕಡೆಗೆ ವಾಲಿ ಹೋಗಬೇಕು. 40 ಕಿಲೋ ಹೆಚ್ಚಿರುವ ಬೈಕಿಗೆ ಎರಡು ಡಿಗ್ರಿಗಿಂತ ತುಸು ಜಾಸ್ತಿ. ತೂಕದಿಂದ ಸಿಗುವ ಲಾಭ ಅಷ್ಟೇ, ಅರ್ಧ ಡಿಗ್ರಿಯೂ ಇಲ್ಲ! ಗಾಳಿ ಬಲಗಡೆಯಿಂದ ಬಂದರೆ ಬಲಗೈ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ, ಗಾಡಿ ಬಲಕ್ಕೆ ವಾಲುತ್ತದೆ. ವಿಲ್ಬರ್ ರೈಟ್ ಗಮನಿಸಿದ್ದು ಇದನ್ನೇ. ಎದುರಿನಿಂದ ಬಸ್ಸು ಬಂದರೆ ಅದರ ಮೂತಿಯ ಗಾಳಿ ಮೊದಲು ಆಚೆಗೆ ತಳ್ಳುತ್ತದೆ, ಬಸ್ಸು ದಾಟಿದ ಕೂಡಲೇ ಆ ತಳ್ಳು ಇಲ್ಲವಾಗಿ ರಸ್ತೆಯ ಮಧ್ಯಕ್ಕೆ ಎಳೆದಂತಾಗುತ್ತದೆ.

ಹೆದರಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಗಾಳಿಗೆ ಅಲುಗಾಡುತ್ತಿರುವುದು ನಿಮ್ಮ ಮೈ. ತೋಳು ಬಿಗಿಯಾದರೆ ಆ ಅಲುಗಾಟ ನೇರ ಹ್ಯಾಂಡಲ್ಲಿಗೆ ಹೋಗುತ್ತದೆ, ಹ್ಯಾಂಡಲಿನಿಂದ ಚಕ್ರಕ್ಕೆ, ಚಕ್ರದಿಂದ ಮತ್ತೆ ಮೈಗೆ. ಟ್ಯಾಂಕನ್ನು ಮೊಣಕಾಲಿನಲ್ಲಿ ಹಿಡಿದು ಕೈ ಸಡಿಲ ಬಿಟ್ಟರೆ ಈ ಸುತ್ತು ಕಡಿಯುತ್ತದೆ. ಅಲುಗಾಟ ಶುರುವಾದರೆ ಬ್ರೇಕ್ ಜಗ್ಗಬೇಡಿ, ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ.

ಆಗಲೂ ನಿಲ್ಲದಿದ್ದರೆ ಕೋನ್ ಸೆಟ್ ನೋಡಿ, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗು. ತೋಟದ ಕಲ್ಲುದಾರಿಯಲ್ಲಿ ಓಡುವ ಗಾಡಿಗಳಲ್ಲಿ ಇದು ಬೇಗ ಸಡಿಲವಾಗುತ್ತದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ಅಥವಾ ಇಂಜಿನ್ ಅಡಿಗೆ ಗಟ್ಟಿ ಆಧಾರ ಕೊಟ್ಟು ನಿಲ್ಲಿಸಿ, ಒಬ್ಬರು ಹಿಂದಿನ ಸೀಟನ್ನು ಒತ್ತಿ ಮುಂದಿನ ಚಕ್ರ ಎತ್ತಲಿ. ನೀವು ಮುಂದೆ ಕುಕ್ಕರಗಾಲಲ್ಲಿ ಕೂತು ಫೋರ್ಕಿನ ಎರಡೂ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಅಂದರೆ ಸಡಿಲ. ಆಮೇಲೆ ಹ್ಯಾಂಡಲನ್ನು ಒಂದೇ ಬೆರಳಲ್ಲಿ ಎಡದಿಂದ ಬಲಕ್ಕೆ ತಿರುಗಿಸಿ. ಸರಿಯಾಗಿ ಮಧ್ಯಕ್ಕೆ ಬಂದಾಗ ಎಲ್ಲೋ ಸಿಕ್ಕಿ ಕೂತಂತೆ ಅನಿಸಿದರೆ ಗುಂಡುಗಳು ಬಟ್ಟಲಿನಲ್ಲಿ ಗುಳಿ ಮಾಡಿವೆ, ಬಿಗಿ ಮಾಡಿ ಪ್ರಯೋಜನವಿಲ್ಲ, ಹೊಸದೇ ಹಾಕಿಸಬೇಕು.

ಮೂತಿಯ ಕೆಳಗಿನ ಎತ್ತರದ ಮಡ್‌ಗಾರ್ಡೂ ಗಾಳಿ ಹಿಡಿಯುತ್ತದೆ. ಕೆಸರು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿ ಚಕ್ರ ಜಾಮ್ ಆಗದಿರಲಿ ಅಂತ ಅದನ್ನು ಅಷ್ಟು ಮೇಲಿಟ್ಟಿರುತ್ತಾರೆ. ಜೂನ್‌ನಲ್ಲಿ ತೋಟದ ದಾರಿ ನೋಡಿದವರು ಅದನ್ನು ಬಿಚ್ಚಿಸುವ ಮಾತಾಡುವುದಿಲ್ಲ. ಹೆಲ್ಮೆಟ್ಟಿನ ಮುಂದಿನ ಪೀಕ್ ಮಾತ್ರ ಸುಲಭವಾಗಿ ಬಿಚ್ಚಬಹುದು. ಹೆಚ್ಚಿನವುಗಳಲ್ಲಿ ಅದನ್ನು ಸ್ಕ್ರೂಗಳೇ ಹಿಡಿದಿರುತ್ತವೆ. 80ರ ಮೇಲೆ ತಲೆ ಹಿಂದಕ್ಕೆ ಎಳೆದು ಕುತ್ತಿಗೆ ನೋಯುತ್ತಿದ್ದರೆ ಅರ್ಧ ಕಾರಣ ಅದೇ.

ಸಾಮಾನು ಇದ್ದೇ ಇದೆ ಅನ್ನುವವರು ಅದನ್ನು ಕ್ಯಾರಿಯರ್ ಬಿಟ್ಟು ಟ್ಯಾಂಕಿನ ಮೇಲಿನ ಬ್ಯಾಗಿಗೆ ಹಾಕಿ. ಅಲ್ಲಿ ಇಟ್ಟ ಪ್ರತಿ ಕಿಲೋದಲ್ಲಿ ಸುಮಾರು ಅರ್ಧ ಮುಂದಿನ ಚಕ್ರಕ್ಕೆ ಸೇರುತ್ತದೆ. ಸೊಂಟದಿಂದ ಸ್ವಲ್ಪ ಮುಂದೆ ಬಾಗಿ, ಮೊಣಕೈ ಒಳಗೆ ತಂದುಕೊಂಡರೆ ಎದೆಯ ಅಗಲ ಕಡಿಮೆಯಾಗುತ್ತದೆ, ಮೈಭಾರವೂ ಮುಂದಕ್ಕೆ ಬರುತ್ತದೆ. ಗಾಳಿಯ ತಡೆ ಐದನೇ ಒಂದು ಪಾಲು ಇಳಿದರೆ ಇದೇ ಇಂಜಿನ್ ಸುಮಾರು ಏಳು ಶೇಕಡಾ ಜಾಸ್ತಿ ವೇಗ ಕೊಡುತ್ತದೆ. ಆ ವೇಗ ಬೇಡ ಅಂದರೆ ಪೆಟ್ರೋಲ್ ಉಳಿಯುತ್ತದೆ.